ನಲವತ್ತಾರರ ಹಾಜರಿ

ಮಾರ್ಚ್ 2, ಸೋಮವಾರ
ರಿಜಿಸ್ಟರ್ ಅಂಚೆ, ಸ್ವೀಕೃತಿ ಚೀಟಿಯೊಂದಿಗೆ

ಸರ್,

ನೀವು ಮಾಡಿದ್ದು ತಪ್ಪು.

ಸ್ನಾತಕೋತ್ತರ ಕಾನೂನು ಪದವಿಗೆ ಅರ್ಜಿ ಹಾಕುತ್ತಿದ್ದೇನೆ, ಪಾಠ ಹೇಳಿದವರಾಗಿ ಒಂದು ಶಿಫಾರಸು ಪತ್ರ ಕೊಡಿ ಎಂದು ಕೇಳಿದ್ದೆ. ನಿಮ್ಮಿಂದ ಬಂದ ಕಾರ್ಡಿನಲ್ಲಿ ಇದ್ದದ್ದು ಒಂದೇ ಸಾಲು: "ನೀನೇ ಬರೆದು ಕಳಿಸು, ಸಹಿ ಹಾಕಿ ಕೊಡುತ್ತೇನೆ." ಇನ್ನೇನಾದರೂ ಇರಬಹುದೇ ಎಂದು ಕಾರ್ಡು ತಿರುಗಿಸಿ ನೋಡಿದೆ. ಹಿಂದೆ ನನ್ನ ವಿಳಾಸ ಮಾತ್ರ ಇತ್ತು. ಅದರಲ್ಲೂ ಮನೆ ನಂಬರ್ ತಪ್ಪು.

ಮೊದಲ ವರ್ಷ ನೀವು ಬೋರ್ಡಿನ ಮೇಲೆ ಬರೆದ ಮೊದಲ ವಾಕ್ಯ ನನಗಿನ್ನೂ ಬಾಯಿಪಾಠ. ತನ್ನ ವ್ಯಾಜ್ಯಕ್ಕೆ ತಾನೇ ನ್ಯಾಯಾಧೀಶನಾಗಬಾರದು. ಅದರ ಕೆಳಗೆ ಎರಡು ಗೆರೆ ಎಳೆದಿರಿ. ಎರಡನೆಯದಕ್ಕೆ ಸೀಮೆಸುಣ್ಣ ಮುರಿಯಿತು. ಈಗ ನೀವೇ ಹೇಳುತ್ತಿದ್ದೀರಿ: ನಿನ್ನ ಪರ ಸಾಕ್ಷಿ ನೀನೇ ನುಡಿ, ತೀರ್ಪೂ ನೀನೇ ಬರೆ, ಕೆಳಗೆ ನಾನು ಹೆಬ್ಬೆಟ್ಟು ಒತ್ತುತ್ತೇನೆ.

ನಾನು ಒಬ್ಬ ನೋಟರಿಯ ಕಚೇರಿಯಲ್ಲಿ ಟೈಪಿಸ್ಟ್. ನಿಮ್ಮ ಕಾರ್ಡು ತೋರಿಸಿದಾಗ ಅವರು ನಕ್ಕುಬಿಟ್ಟರು. "ಎಲ್ಲರೂ ಹೀಗೇ ಮಾಡೋದು ಕಣಮ್ಮ. ಬರ್ಕೊಂಡು ಕಳಿಸು. ನಿನ್ನನ್ನ ಹೊಗಳೋದಕ್ಕೆ ನಿನಗಿಂತ ಚೆನ್ನಾಗಿ ಯಾರಿಗೆ ಬರುತ್ತೆ?" 'ಎಲ್ಲರೂ ಮಾಡುತ್ತಾರೆ' ಎನ್ನುವುದು ವಾದವಲ್ಲ ಸರ್, ಆರೋಪಿಗಳ ಪಟ್ಟಿ. ದಿನಕ್ಕೆ ಇಪ್ಪತ್ತು ಅಫಿಡವಿಟ್ ಟೈಪ್ ಮಾಡುತ್ತೇನೆ. ಪ್ರತಿಯೊಂದರ ಕೊನೆಗೂ 'ಮೇಲೆ ಹೇಳಿದ್ದೆಲ್ಲ ನನ್ನ ಅರಿವಿನ ಮಟ್ಟಿಗೆ ಸತ್ಯ' ಎಂಬ ಸಾಲು ಇರುತ್ತದೆ. ಸಹಿ ಹಾಕುವವರಿಗೆ ಮೇಲೆ ಹೇಳಿದ್ದು ಏನೆಂದೇ ಗೊತ್ತಿರುವುದಿಲ್ಲ. "ಎಲ್ಲಿ ಹಾಕ್ಲಿ?" ಎಂದಷ್ಟೇ ಕೇಳುತ್ತಾರೆ. ಸಾಮಾನ್ಯ ಜನ ಓದಿದರೆ ತಿಳಿಯುವ ಹಾಗೆ ಕಾನೂನಿನ ಕರಡು ಬರೆಯುವುದನ್ನು ಕಲಿಯಬೇಕು. ಅದಕ್ಕೇ ಈ ಪದವಿ ನನಗೆ ಬೇಕು. ಅದಕ್ಕೆ ಹೊರಟವಳು ಮೊದಲ ಹೆಜ್ಜೆಯಲ್ಲೇ ಓದದ ಕಾಗದಕ್ಕೆ ಸಹಿ ಪಡೆದರೆ ಹೇಗೆ?

ನಿಯಮದ ಪ್ರಕಾರ ಎರಡು ಶಿಫಾರಸು ಬೇಕು, ಅದೂ ನನಗೆ ಕನಿಷ್ಠ ಎರಡು ವಿಷಯ ಪಾಠ ಮಾಡಿದವರಿಂದ. ಕರಾರು ಕಾನೂನಿನ ಮೇಡಂ ಕೊಟ್ಟಿದ್ದಾರೆ. ಇನ್ನು ಉಳಿದವರು ನೀವೊಬ್ಬರೇ. ಲಕೋಟೆ ಅಂಟಿಸಿ, ಅಂಟಿನ ಮೇಲೆ ಅಡ್ಡ ಸಹಿ ಮಾಡಬೇಕು. ಕೊನೆಯ ದಿನ ಏಪ್ರಿಲ್ 17, ಸಂಜೆ ನಾಲ್ಕು ಗಂಟೆ. ಸಂಜೆ ತಂಡಕ್ಕೆ ಪ್ರವೇಶ ಕೊಡುವುದು ಇದೇ ಕೊನೆಯ ವರ್ಷವಂತೆ. ಕೆಲಸ ಬಿಟ್ಟು ಹಗಲು ಓದುವ ಸ್ಥಿತಿ ನನ್ನದಲ್ಲ.

ಖಾಲಿ ಫಾರಂ ಇಟ್ಟಿದ್ದೇನೆ. ದಯವಿಟ್ಟು ನೀವೇ ಬರೆಯಿರಿ. ಕೆಟ್ಟದ್ದು ಬರೆದರೂ ಸರಿ. ಫೋನ್ ಬೇಡ, ಕಾಗದದಲ್ಲೇ ಉತ್ತರಿಸಿ. ಕಾಗದ ಇದ್ದರೆ ಮಾತಿಗೆ ಬೆನ್ನೆಲುಬು ಇರುತ್ತದೆ.

ಇಂತಿ,
ಸಂಜೆ ತಂಡ, ಹಾಜರಿ ಸಂಖ್ಯೆ ನಲವತ್ತಾರು


ಮಾರ್ಚ್ 9, ಸೋಮವಾರ

ಏನಮ್ಮಾ,

ಅಂಚೆಯವನು ಸಹಿ ಕೇಳಿದಾಗ ಯಾವುದೋ ಕೋರ್ಟ್ ನೋಟಿಸ್ ಎಂದುಕೊಂಡೆ. ಓದಿದ ಮೇಲೆ, ಅಂದುಕೊಂಡದ್ದು ಸರಿಯೇ ಅನ್ನಿಸಿತು.

ನನ್ನ ಕಡೆಯ ಮಾತನ್ನೂ ಕೇಳು. ಪ್ರತಿ ಮಾರ್ಚಿನಲ್ಲಿ ನಲವತ್ತು ಜನ ಬರುತ್ತಾರೆ. ಎಲ್ಲರಿಗೂ ನಾಳೆಯೇ ಬೇಕು. ನಮ್ಮ ಸಿಬ್ಬಂದಿ ಕೋಣೆಯಲ್ಲಿ ಒಂದೇ ಮೇಜಿಗೆ ನಾಲ್ಕು ಜನ, ಇರುವ ಫ್ಯಾನಿಗೂ ಕತ್ತು ತಿರುಗುವುದಿಲ್ಲ. ಬರೆದು ತನ್ನಿ ಎನ್ನುತ್ತೇನೆ, ತರುತ್ತಾರೆ. ಮೂವತ್ತೊಂದು ವರ್ಷಗಳಲ್ಲಿ ತನ್ನನ್ನು ತಾನೇ ಬೈದುಕೊಂಡು ಬರೆದು ತಂದವರನ್ನು ನಾನು ಕಂಡಿಲ್ಲ. ಒಬ್ಬ 'ವಿನಯಶೀಲ' ಎಂದು ಮೂರು ಸಲ ಬರೆದಿದ್ದ. ಎರಡನ್ನು ನಾನೇ ಹೊಡೆದು ಹಾಕಿದೆ. ನೀನೊಬ್ಬಳೇ ನಿಯಮ ತೋರಿಸಿ ನನ್ನನ್ನು ಕಟಕಟೆಗೆ ಹತ್ತಿಸಿದ್ದು.

ಹತ್ತಿಸಿದರೂ ಕೋಪ ಬರಲಿಲ್ಲ. ಯಾಕೆಂದರೆ ನೀನು ನನಗೆ ನೆನಪಿದ್ದೀಯ. ತರಗತಿಯ ನೂರಹತ್ತು ಜನರಲ್ಲಿ ನೆನಪು ಉಳಿದದ್ದು ನಾಲ್ಕೈದು ಮಂದಿ ಮಾತ್ರ. ಸಂಜೆ ಐದೂವರೆಗೆ ನಾನು 'ನಲವತ್ತಾರು' ಎಂದರೆ ಸಾಕು, "ಪ್ರೆಸೆಂಟ್ ಸಾರ್!" ಎಂಬ ಕೂಗಿಗೆ ಕಿಟಕಿ ಗಾಜು ಅದುರುತ್ತಿತ್ತು. ಪಕ್ಕದ ತರಗತಿಯವರು ಒಮ್ಮೆ ಬಂದು ಏನಾಯಿತು ಎಂದು ವಿಚಾರಿಸಿದ್ದರು. ಅಣಕು ನ್ಯಾಯಾಲಯದ ದಿನ, ಎರಡು ಮನೆಗಳ ನಡುಗೋಡೆಯ ವ್ಯಾಜ್ಯದಲ್ಲಿ, ನೀನು ಎದ್ದು ನಿಂತು "ಮಾನ್ಯರೇ, ಗೋಡೆ ಒಂದೇ ಇರಬಹುದು, ಮುಖ ಎರಡು" ಎಂದೆಯಲ್ಲ, ಆ ದಿನ ಈ ಹುಡುಗಿ ಎಲ್ಲಿಯಾದರೂ ಮುಟ್ಟುತ್ತಾಳೆ ಅಂದುಕೊಂಡಿದ್ದೆ.

ಅದನ್ನೆಲ್ಲ ಬರೆದಿದ್ದೇನೆ. ಕೈಯಾರೆ, ಒಂದೂವರೆ ಪುಟ. ಲಕೋಟೆ ಇದರ ಜೊತೆಗಿದೆ, ಅಂಟಿನ ಮೇಲೆ ಅಡ್ಡ ಸಹಿಯೂ ಇದೆ. ನೀನು ಒಡೆಯುವಂತಿಲ್ಲ. ಆದರೂ ಹೇಳುತ್ತೇನೆ: 'ವಿನಯಶೀಲೆ' ಎಂದು ಎಲ್ಲೂ ಬರೆದಿಲ್ಲ.

ಇನ್ನಾದರೂ ಸಮಾಧಾನವೇ?

ನಿನ್ನ ಮೇಷ್ಟ್ರು


ಮಾರ್ಚ್ 13, ಶುಕ್ರವಾರ
ರಿಜಿಸ್ಟರ್ ಅಂಚೆ

ಸರ್,

ನಿಮ್ಮ ಲಕೋಟೆಯನ್ನು ಒಡೆಯದೆ ಹಿಂದಕ್ಕೆ ಕಳಿಸಿದ್ದೇನೆ. ಅಂಟಿನ ಮೇಲಿನ ಸಹಿ ಹಾಗೇ ಇದೆ, ನೋಡಿಕೊಳ್ಳಿ.

ಆ ಪತ್ರ ನನ್ನದಲ್ಲ.

ಕಿಟಕಿ ಅದುರಿಸಿದವಳು ನಲವತ್ತೇಳು. ತರಗತಿಯಲ್ಲಿ ಅವಳನ್ನು ಎಲ್ಲರೂ ಗುಡುಗು ಎಂದೇ ಕರೆಯುತ್ತಿದ್ದೆವು. ನೋಟರಿ ಕಚೇರಿ ಮುಚ್ಚುತ್ತಿದ್ದದ್ದು ಐದೂಕಾಲಿಗೆ. ಎರಡು ಬಸ್ ಹಿಡಿದು, ಕಾಲೇಜಿನ ಮೆಟ್ಟಿಲು ಹತ್ತಿ ನಾನು ಒಳಗೆ ಬರುವ ಹೊತ್ತಿಗೆ ಐದು ಐವತ್ತು ಆಗಿರುತ್ತಿತ್ತು. ಐದೂವರೆಗೆ ನೀವು ನಲವತ್ತಾರು ಎಂದಾಗ ಗುಡುಗು ನನ್ನ ಹಾಜರಿ ಕೂಗುತ್ತಿದ್ದಳು. ನಲವತ್ತೇಳಕ್ಕೆ ತಲೆ ತಗ್ಗಿಸಿ ಸಣ್ಣ ದನಿಯಲ್ಲಿ ಇನ್ನೊಮ್ಮೆ. "ನಿನ್ನದನ್ನ ಜೋರಾಗಿ ಕೂಗ್ತೀನಿ, ನನ್ನದನ್ನ ಮೆಲ್ಲಗೆ. ಕಳ್ಳಮಾಲು ಯಾವತ್ತೂ ಅಂಗಡಿ ಮುಂದೇನೇ ಇಡ್ಬೇಕು ಕಣೇ, ಆಗ ಯಾರಿಗೂ ಅನುಮಾನ ಬರಲ್ಲ," ಎನ್ನುತ್ತಿದ್ದಳು. ಅವಳು ಹೇಳಿದ್ದು ನಿಜವಾಯಿತು ನೋಡಿ. ಮೂರು ವರ್ಷ ನೀವು ನನ್ನ ಸಂಖ್ಯೆಗೆ ಅವಳ ದನಿ ಅಂಟಿಸಿಕೊಂಡಿದ್ದೀರಿ.

ಸುಳ್ಳು ಹಾಜರಿ ಅಪರಾಧ ಎಂದು ನನಗೆ ಗೊತ್ತು. ನಿಮ್ಮ ತಪ್ಪನ್ನು ಮೊದಲ ಸಾಲಿನಲ್ಲೇ ಬರೆದವಳು ನನ್ನದನ್ನು ಬಚ್ಚಿಟ್ಟಿದ್ದೆ. ಈಗ ಅದೂ ದಾಖಲೆಗೆ ಬಂತು. ಬೇಕಾದರೆ ಪ್ರಾಂಶುಪಾಲರಿಗೆ ತಿಳಿಸಿ. ಆದರೆ ಐದೂವರೆಯ ಪಾಠವನ್ನು ಐದು ಐವತ್ತರಿಂದ ಕೇಳಿದ್ದಕ್ಕೆ ನಾನು ನಾಚುವುದಿಲ್ಲ. ಕೆಲಸ ಮಾಡುವವರಿಗೆಂದೇ ಸಂಜೆ ತಂಡ ತೆರೆದು, ಯಾವ ಕೆಲಸಗಾರನೂ ಮುಟ್ಟಲಾಗದ ಹೊತ್ತಿಗೆ ಹಾಜರಿ ಇಟ್ಟವರೂ ಸ್ವಲ್ಪ ನಾಚಲಿ.

ಗೋಡೆಯ ಮಾತೂ ಅವಳದೇ. ಹಿಂದಿನ ದಿನ ಅದನ್ನು ಚೀಟಿಯಲ್ಲಿ ಬರೆದುಕೊಟ್ಟವಳು ನಾನು, ಅದು ಬೇರೆ ವಿಷಯ. ಎದ್ದು ನಿಂತವಳು ಅವಳು. ಎದ್ದು ನಿಲ್ಲುವುದೇ ವಕೀಲಿಕೆ. ಆ ಲಕೋಟೆ ಇಟ್ಟುಕೊಂಡರೆ ನನಗೆ ಸೀಟು ಸಿಕ್ಕಬಹುದು, ಆದರೆ ಸೀಟಿನಲ್ಲಿ ಕೂರುವವಳು ಯಾರು?

ನನ್ನ ಬಗ್ಗೆ ಬರೆದ ಪತ್ರ ಕೊಡಿ. ಇನ್ನೂ ಐದು ವಾರ ಇದೆ.

ಇಂತಿ,
ನಿಜವಾದ ನಲವತ್ತಾರು


ಮಾರ್ಚ್ 27, ಶುಕ್ರವಾರ

ಏನಮ್ಮಾ,

ಎರಡು ವಾರ ಯೋಚಿಸಿದೆ. ನಿಮ್ಮ ಕಾಲೇಜಿನಿಂದ ಹಳೆಯ ಹಾಜರಿ ಪುಸ್ತಕವನ್ನೂ ತರಿಸಿ ನೋಡಿದೆ. ನಲವತ್ತಾರರ ಮುಂದೆ ಹೆಸರಿದೆ, ಟಿಕ್ ಇದೆ, ಮುಖ ಇಲ್ಲ. ನೀನು ನನಗೆ ನೆನಪಿಲ್ಲ. ನೆನಪಿಲ್ಲದವಳ ಗುಣ ನಾನು ಬರೆದರೆ ಅದು ಸುಳ್ಳು ಸಾಕ್ಷಿ, ನಿನ್ನದೇ ವಾದ. ಹಾಗಾಗಿ ಬರೆಯಲಾರೆ.

ಲಕೋಟೆ ಹರಿದು ಹಾಕಿದ್ದೇನೆ.

ಮೇಷ್ಟ್ರು


ಮಾರ್ಚ್ 30, ಸೋಮವಾರ
ರಿಜಿಸ್ಟರ್ ಪಾರ್ಸೆಲ್

ಸರ್,

ವಾದ ನನ್ನದೇ, ಒಪ್ಪುತ್ತೇನೆ. ಆದರೆ ಸಾಕ್ಷಿಗೆ ನೆನಪು ಕೈಕೊಟ್ಟರೆ ದಾಖಲೆ ತೋರಿಸಿ ನೆನಪಿಸಬಹುದು. ಅದನ್ನು ಕಲಿಸಿದವರು ನೀವು. ಸಾಕ್ಷ್ಯ ಕಾನೂನು, ಮೂರನೇ ವರ್ಷ, ನವೆಂಬರ್. ಆ ದಿನ ನಿಮಗೆ ನೆಗಡಿಯಾಗಿತ್ತು.

ಈ ಪಾರ್ಸೆಲ್‌ನಲ್ಲಿ ನನ್ನ ಮೂರು ವರ್ಷದ ಟಿಪ್ಪಣಿ ಪುಸ್ತಕಗಳಿವೆ. ನಿಮ್ಮ ವಿಷಯಕ್ಕೆ ಬರೆದ ಹನ್ನೊಂದು ನಿಬಂಧಗಳೂ ಇವೆ, ಎಲ್ಲ ಕೈಬರಹ. ಟೈಪ್ ಯಂತ್ರ ಕಚೇರಿಯದು, ಅದರಲ್ಲಿ ಓದಿನ ಬರಹ ಮಾಡಲು ನೋಟರಿ ಆಗ ಬಿಡುತ್ತಿರಲಿಲ್ಲ. ಪಾರ್ಸೆಲ್ ಕಟ್ಟುವಾಗ ಅವರೇ ದಾರ ಹಿಡಿದುಕೊಂಡರು. "ಮೇಷ್ಟ್ರು ಇಷ್ಟೆಲ್ಲ ಓದ್ತಾರಾ?" ಅಂದರು. ಓದಲಿ, ನಾನು ಓದಿಲ್ಲವೇ ಅವರು ಬರೆಸಿದ್ದನ್ನು, ಎಂದೆ. "ನಿನ್ನ ಬಾಯಿಗೆ ಬೀಗ ಹಾಕೋಕೆ ಎಷ್ಟು ಮಜಬೂತಾದ ಪದವಿ ಬೇಕೋ," ಎಂದು ಗಂಟು ಬಿಗಿದರು.

ನನ್ನನ್ನು ನೀವು ನೋಡಿರಲಿಕ್ಕಿಲ್ಲ. ಕೊನೆಯ ಬೆಂಚಿನಲ್ಲಿ, ಬಾಗಿಲ ಪಕ್ಕ, ಸ್ವಿಚ್ ಬೋರ್ಡಿನ ಕೆಳಗೆ ಕೂರುತ್ತಿದ್ದೆ. ಕತ್ತಲಾದಾಗ ನೀವು ಪಾಠ ನಿಲ್ಲಿಸದೆ ಕೈ ಮೇಲೆತ್ತಿದರೆ ದೀಪ ಹಾಕುತ್ತಿದ್ದವಳು ನಾನು. ಮೂರು ವರ್ಷ ಹಾಕಿದ್ದೇನೆ. ಮಾತಾಡಲಿಲ್ಲ, ನಿಜ. ನನ್ನ ಓದು ತರಗತಿಯ ಓದಲ್ಲ. ದಪ್ಪ ಪುಸ್ತಕ ನೋಡಿ ಕಾನೂನಿಗೆ ಬಂದವಳೂ ಅಲ್ಲ. ಬಸ್ ನಿಲ್ದಾಣದಲ್ಲಿ ಹಂಚುವ ಕರಪತ್ರ ಓದಿ ಬಂದವಳು. 'ಕೆಲಸದ ಹೊತ್ತು', 'ಬಾಡಿಗೆದಾರರ ಹಕ್ಕು', 'ಸಹಿ ಹಾಕುವ ಮುನ್ನ'. ಎಂಟು ಪುಟ, ಹದಿನಾರು ಪುಟ. ಅವುಗಳಿಂದ ಕಲಿತದ್ದನ್ನು ನಿಮ್ಮ ನಿಬಂಧಗಳಲ್ಲಿ ಬರೆದರೆ ನೀವು ಕೆಂಪು ಮಸಿಯಲ್ಲಿ ಅಂಚಿಗೆ ಒಂದೇ ಪದ ಬರೆಯುತ್ತಿದ್ದಿರಿ: 'ಉದ್ಧಟತನ'. ಹನ್ನೊಂದರಲ್ಲಿ ಏಳು ಸಲ ಇದೆ, ಎಣಿಸಿದ್ದೇನೆ.

ಅದನ್ನೇ ಶಿಫಾರಸಿನಲ್ಲಿ ಬರೆಯಿರಿ. ಉದ್ಧಟೆ ಎಂದು ನೀವು ಓದಿ ಬರೆದರೆ ನನಗೆ ಸಾಕು. ಓದದೆ ಬರೆದ ಹೊಗಳಿಕೆ ಬೇಡ.

ಇಂತಿ,
ದೀಪದ ಕೆಳಗಿನ ನಲವತ್ತಾರು


ಏಪ್ರಿಲ್ 4, ಶನಿವಾರ

ಅಮ್ಮಾ,

ಪಾರ್ಸೆಲ್ ಬಿಚ್ಚಿ ಮೊದಲ ನಿಬಂಧ ಕೈಗೆತ್ತಿಕೊಂಡವನು ಕುರ್ಚಿ ಎಳೆದುಕೊಂಡು ಕೂತುಬಿಟ್ಟೆ.

ನಿನಗೊಂದು ಅಭ್ಯಾಸವಿದೆ. ಸಾಲಿನ ಕೊನೆಗೆ ಜಾಗ ಸಾಲದಿದ್ದರೆ ನೀನು ಪದ ಮುರಿಯುವುದಿಲ್ಲ, ಅಂಚಿನ ಗೆರೆಯನ್ನು ದಾಟುವುದೂ ಇಲ್ಲ. ಅಕ್ಷರಗಳನ್ನು ಒಂದರ ಮೇಲೊಂದು ಗೋಡೆ ಹತ್ತಿಸುತ್ತೀಯ, ಇರುವೆ ಸಾಲಿನ ಹಾಗೆ. ಆ ಇರುವೆಗಳನ್ನು ನಾನು ಬೇರೊಂದು ಕಡೆ ನೋಡಿದ್ದೆ. ನಿನ್ನ ಕಾಗದಗಳು ಟೈಪ್ ಮಾಡಿದವು. ಹಾಗಾಗಿ ಇಷ್ಟು ದಿನ ಹೊಳೆಯಲಿಲ್ಲ.

ಅಂತಿಮ ಪರೀಕ್ಷೆ, ಆಸ್ತಿ ಕಾನೂನು, ನಾಲ್ಕನೇ ಪ್ರಶ್ನೆಯ ಎರಡನೇ ಭಾಗ, ಎಂಟು ಅಂಕ. ಬಾಡಿಗೆದಾರನನ್ನು ತೆರವು ಮಾಡಿಸಲು ಮಾಲೀಕ ಎಷ್ಟು ದಿನದ ನೋಟಿಸ್ ಕೊಡಬೇಕು? ಉತ್ತರಪತ್ರಿಕೆಗಳ ಮೇಲೆ ಸಂಕೇತ ಸಂಖ್ಯೆ ಮಾತ್ರ ಇರುತ್ತದೆ, ಯಾರದು ಎಂದು ತಿಳಿಯದು. ಒಂದು ಪತ್ರಿಕೆಯಲ್ಲಿ ಉತ್ತರದ ಜಾಗದಲ್ಲಿ ಎರಡೇ ಸಾಲು ಇತ್ತು: 'ಈ ಪ್ರಶ್ನೆಗೆ ಆಧಾರವಾದ ಕಲಂ ನಾಲ್ಕು ತಿಂಗಳ ಹಿಂದೆ ರದ್ದಾಗಿದೆ. ಸತ್ತವರ ವಿಳಾಸಕ್ಕೆ ನೋಟಿಸ್ ಕಳಿಸಲಾಗದು.' ಎರಡನೇ ಸಾಲಿನ ಕೊನೆಯ ಪದ ಗೋಡೆ ಹತ್ತಿತ್ತು.

ಸೊನ್ನೆ ಕೊಟ್ಟೆ. ಆ ಗಳಿಗೆಯಲ್ಲಿ ಸಿಟ್ಟು ಬಂದಿತ್ತು. ತಿಂಗಳ ನಂತರ ಗ್ರಂಥಾಲಯಕ್ಕೆ ಹೋಗಿ ಗೆಜೆಟ್ ತೆಗೆದು ನೋಡಿದೆ. ನೀನು ಬರೆದದ್ದು ಸರಿ. ಕಲಂ ಸತ್ತಿತ್ತು. ಹಳೆಯ ಟಿಪ್ಪಣಿ ನೋಡಿಕೊಂಡು ಪ್ರಶ್ನೆ ಬರೆದವನು ನಾನೇ. ಪರೀಕ್ಷಾ ಮಂಡಳಿಯ ಅಧ್ಯಕ್ಷರಿಗೆ ಬಾಯಿಮಾತಿನಲ್ಲಿ ಹೇಳಿದೆ. "ಫಲಿತಾಂಶ ಹೊರಬಿದ್ದಾಯ್ತಲ್ಲ, ಇನ್ಯಾಕ್ರೀ ಹುಣ್ಣು ಕೆರೆಯೋದು?" ಅಂದರು. ನಾನೂ ಸುಮ್ಮನಾದೆ. ಆದರೆ ಆ ಸಾಲು ನನ್ನನ್ನು ಬಿಡಲಿಲ್ಲ. ಆಮೇಲಿನ ಎರಡೂ ತಂಡಗಳಿಗೆ, ಯಾರ ಸಾಲೆಂದು ಹೇಳದೆ, ಅದನ್ನು ಪಾಠದಲ್ಲಿ ಹೇಳಿದ್ದೇನೆ. ನಗುತ್ತಾರೆ.

ಈಗ ನೀನು ಯಾರು ಎಂದು ನನಗೆ ಗೊತ್ತು. ಗೊತ್ತಿದ್ದೇ ಬರೆಯುತ್ತೇನೆ, ಇದೇ ವಾರ. ಹಳೆಯ ಸೊನ್ನೆಯನ್ನು ಮರೆತುಬಿಡು. ಹೇಗೂ ನೀನು ಪಾಸಾದೆಯಲ್ಲ.

ಮೇಷ್ಟ್ರು


ಏಪ್ರಿಲ್ 7, ಮಂಗಳವಾರ
ತುರ್ತು ಅಂಚೆ

ಸರ್,

ಹೌದು, ನಾನು ಪಾಸಾದೆ. ಗುಡುಗು ಪಾಸಾಗಲಿಲ್ಲ.

ನಿಮ್ಮ ಕಾಗದ ಓದಿ ಮೊದಲು ಅಳು ಬಂತು. ನನ್ನ ಒಂದು ಸಾಲು ಯಾರಿಗೋ ನೆನಪಿದೆ ಎಂದು. ಆಮೇಲೆ ಕೊನೆಯ ವಾಕ್ಯಕ್ಕೆ ಬಂದೆ, ಕಣ್ಣು ಒಣಗಿತು. ಹುಣ್ಣು ಕೆರೆಯಬೇಡಿ ಅಂದರಲ್ಲ ಅಧ್ಯಕ್ಷರು, ಅದು ಯಾರ ಮೈಮೇಲಿನ ಹುಣ್ಣು ಎಂದು ನೀವಿಬ್ಬರೂ ಕೇಳಲಿಲ್ಲ.

ಕೇಳಿ. ಗುಡುಗು ಆ ಪ್ರಶ್ನೆಗೆ ಹೊಸ ಕಾನೂನು ಬರೆದಳು. ಪೂರ್ತಿ ಸರಿಯಾಗಿ, ಒಂದು ಪುಟ. ನಿಮ್ಮ ಮಾದರಿ ಉತ್ತರದಲ್ಲಿ ಹಳೆಯದಿತ್ತು. ಅವಳಿಗೂ ಸೊನ್ನೆ. ಐದು ಅಂಕದಿಂದ ಫೇಲಾದಳು. ಮರುಪರೀಕ್ಷೆಯ ದಿನ ಅವಳ ಅಪ್ಪನಿಗೆ ಶಸ್ತ್ರಚಿಕಿತ್ಸೆ. ಆಸ್ಪತ್ರೆಯ ಬೆಂಚಿನ ಮೇಲಿದ್ದಳು. ಅಲ್ಲಿಗೆ ಅವಕಾಶ ಮುಗಿಯಿತು. ಈಗ ಬಸ್ ನಿಲ್ದಾಣದ ವಿಚಾರಣೆ ಕಿಟಕಿಯಲ್ಲಿ ಕೂತು, ಯಾವ ಬಸ್ಸು ಎಷ್ಟು ತಡ ಎಂದು ಮೈಕಿನಲ್ಲಿ ಹೇಳುತ್ತಾಳೆ. ಮೈಕು ಕೆಟ್ಟರೂ ಕೆಲಸ ನಿಲ್ಲುವುದಿಲ್ಲ.

ಇಷ್ಟು ದಿನ ಯಾರಿಗೂ ಹೇಳದ್ದನ್ನು ಈಗ ಬರೆಯುತ್ತೇನೆ. ಆ ಹೊಸ ಕಾನೂನನ್ನು ಅವಳಿಗೆ ಹೇಳಿದವಳು ನಾನು. ಪರೀಕ್ಷೆಯ ಹಿಂದಿನ ಸಂಜೆ, ಬಾಡಿಗೆದಾರರ ಸಂಘದ ಕರಪತ್ರ ತೋರಿಸಿ, "ನೋಡೇ, ಹಳೇದು ಬರೀಬೇಡ, ಬದಲಾಗಿದೆ," ಎಂದೆ. ನನ್ನ ಮಾತು ಕೇಳದೆ ನಿಮ್ಮ ಟಿಪ್ಪಣಿ ಬರೆದಿದ್ದರೆ ಅವಳು ಇಂದು ವಕೀಲೆ. ಸತ್ಯ ಹೇಳಿಕೊಟ್ಟು ಗೆಳತಿಯನ್ನು ಫೇಲು ಮಾಡಿಸಿದವಳು ನಾನು ಎಂದು ಮೂರು ವರ್ಷ ಹೊತ್ತುಕೊಂಡು ತಿರುಗಿದ್ದೇನೆ. ಆ ಭಾರ ನನ್ನದಲ್ಲ, ನಿಮ್ಮದು ಎಂದು ನಿಮ್ಮ ಕಾಗದದಿಂದ ತಿಳಿಯಿತು.

ಪ್ರಶ್ನೆ ಬರೆದವರು ಯಾರು ಎಂಬುದು ಗುಟ್ಟು. ನೀವಾಗಿ ಬಾಯಿ ಬಿಡದಿದ್ದರೆ ನನಗೆ ಎಂದೂ ತಿಳಿಯುತ್ತಿರಲಿಲ್ಲ. ವಿಶ್ವವಿದ್ಯಾಲಯದ ಪರೀಕ್ಷಾ ನಿಯಮಗಳ ಪುಸ್ತಿಕೆ ನನ್ನ ಬಳಿ ಇದೆ. ಅದರಲ್ಲಿ ಮೂವತ್ತೊಂದನೆಯದು: ಪ್ರಶ್ನೆಯೇ ತಪ್ಪೆಂದು ಪ್ರಶ್ನೆ ಬರೆದವರು ಲಿಖಿತವಾಗಿ, ಖುದ್ದಾಗಿ ಬಂದು ಒಪ್ಪಿಕೊಂಡರೆ, ಫಲಿತಾಂಶ ಬಂದ ಮೂರು ವರ್ಷದೊಳಗೆ ಆ ಪ್ರಶ್ನೆಯ ಪೂರ್ಣ ಅಂಕವನ್ನು ಎಲ್ಲರಿಗೂ ಸೇರಿಸಬೇಕು. ಮೂರು ವರ್ಷ ಮುಗಿಯುವುದು ಈ ತಿಂಗಳ ಮೂವತ್ತಕ್ಕೆ. ನಿಮಗೆ ಈ ನಿಯಮ ಗೊತ್ತಿರಲಿಲ್ಲವೇ? ಗೊತ್ತಿತ್ತು ಎಂದೇ ನನ್ನ ನಂಬಿಕೆ.

ಗುಡುಗಿಗೆ ಹೇಳಿದೆ. ಕಿಟಕಿಯ ಆ ಕಡೆಯಿಂದಲೇ ಉಗಿದಳು. "ನಿನಗೇನು ತಲೆ ಕೆಟ್ಟಿದೆಯೇನೇ? ಶಿಫಾರಸು ಕೊಡೋ ಕೈಯನ್ನೇ ಕಚ್ತೀಯಾ? ಮೊದಲು ನಿನ್ನ ಲಕೋಟೆ ತಗೋ. ನನ್ನದು ಮುಗಿದ ಬಸ್ಸು." ಮುಗಿದಿಲ್ಲ, ಮೂವತ್ತರವರೆಗೆ ಇದೆ ಎಂದೆ. ಮೈಕು ಆರಿಸಿ, "ನಿಜವಾಗ್ಲೂ ಇದೆಯಾ?" ಎಂದಳು. ಅವಳು ಅಷ್ಟು ಮೆಲ್ಲಗೆ ಮಾತಾಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ನಲವತ್ತೇಳಕ್ಕೆ ಹಾಜರಿ ಹೇಳುತ್ತಿದ್ದದ್ದೂ ಹೀಗೇ ಇರಬೇಕು.

ನನಗೆ ಎರಡು ಕಾಗದ ಬೇಕು. ಒಂದು ನನ್ನ ಶಿಫಾರಸು, ಇನ್ನೊಂದು ಪರೀಕ್ಷಾ ವಿಭಾಗಕ್ಕೆ ನಿಮ್ಮ ತಪ್ಪೊಪ್ಪಿಗೆ. ಮೊದಲನೆಯದನ್ನು ಕೊಟ್ಟು ಎರಡನೆಯದಕ್ಕೆ ನನ್ನ ಬಾಯಿ ಮುಚ್ಚಿಸಬಹುದು ಎಂದುಕೊಂಡಿದ್ದರೆ, ಮೊದಲನೆಯದೂ ಬೇಡ.

ನಲವತ್ತಾರು


ಏಪ್ರಿಲ್ 10, ಶುಕ್ರವಾರ

ಅಮ್ಮಾ,

ನಿಯಮ ಗೊತ್ತಿತ್ತು.

ಇಷ್ಟನ್ನು ಬರೆದು ಅರ್ಧ ದಿನ ಪೆನ್ನು ಕೆಳಗಿಟ್ಟಿದ್ದೆ. ನಲವತ್ತೇಳರ ವಿಷಯ ಗೊತ್ತಿರಲಿಲ್ಲ. ಸಂಕೇತ ಸಂಖ್ಯೆಯ ಹಿಂದೆ ಮನುಷ್ಯರಿರುತ್ತಾರೆ ಎಂಬುದು ಗೊತ್ತಿಲ್ಲದ ಹಾಗೆ ಇರುವುದು ನಮ್ಮ ಕೆಲಸದ ಅನುಕೂಲ. ಆ ಹುಡುಗಿಯ ಕೂಗು ಒಂದು ದಿನ ನಿಂತುಹೋಗಿತ್ತಲ್ಲ, ಎಲ್ಲಿ ಹೋದಳು ಎಂದು ನಾನು ಕೇಳಲಿಲ್ಲ. ಅಂಥವರು ಎಲ್ಲಿಯಾದರೂ ಮುಟ್ಟಿರುತ್ತಾರೆ ಎಂದುಕೊಂಡೆ.

ಈಗ ನಿನಗೆ ಒಂದು ವಿಷಯ ಹೇಳಲೇಬೇಕು. ಬೆದರಿಸುತ್ತಿದ್ದೇನೆ ಎಂದುಕೊಳ್ಳಬೇಡ. ಪರೀಕ್ಷಾ ವಿಭಾಗ ಮತ್ತು ನಿನ್ನ ಪ್ರವೇಶ ಸಮಿತಿ ಇರುವುದು ಒಂದೇ ಕಟ್ಟಡದಲ್ಲಿ, ಕೆಳಗೊಂದು ಮೇಲೊಂದು. ಅಂದು ಹುಣ್ಣು ಕೆರೆಯಬೇಡಿ ಅಂದ ಅಧ್ಯಕ್ಷರೇ ಈ ವರ್ಷ ಮೇಲಿನ ಸಮಿತಿಗೂ ಅಧ್ಯಕ್ಷರು. ಕೆಳಗೆ ನನ್ನ ತಪ್ಪೊಪ್ಪಿಗೆ ಬಿದ್ದ ದಿನವೇ ಅದು ಯಾರ ಕಡೆಯಿಂದ ಹುಟ್ಟಿತು ಎಂದು ಮೇಲೆ ಗೊತ್ತಾಗುತ್ತದೆ. ನನಗೇನು, ನಿವೃತ್ತಿಗೆ ಹದಿನಾಲ್ಕು ತಿಂಗಳು. ನಾಲ್ಕು ಜನ ಮುಖ ತಿರುಗಿಸಿಯಾರು. ನಿನಗೆ ಹೋಗುವುದು ಕೊನೆಯ ವರ್ಷದ ಸೀಟು. ಮೇ ತಿಂಗಳಲ್ಲಿ ಆಯ್ಕೆ ಪಟ್ಟಿ ಬಂದ ಮೇಲೆ ನೋಡೋಣ ಎನ್ನುವಂತೆಯೂ ಇಲ್ಲ, ಮೂವತ್ತಕ್ಕೆ ಬಾಗಿಲು ಮುಚ್ಚುತ್ತದೆ. ಯೋಚಿಸು.

ಯೋಚಿಸಿದ ಮೇಲೂ ನೀನು ಬೇಕು ಎಂದರೆ ಕೊಡುತ್ತೇನೆ. ಕೂತು ಬರೆಯಲು ನೋಡಿದೆ. 'ಈ ಮೂಲಕ' ಎಂಬಲ್ಲಿಗೆ ಬಂದು ಕೈ ನಿಲ್ಲುತ್ತದೆ. ಮೂರು ಹಾಳೆ ಹಾಳಾದವು. ಅಂಥದ್ದನ್ನು ಬರೆದು ಅಭ್ಯಾಸವಿಲ್ಲ. ನಿನಗೆ ಅಫಿಡವಿಟ್‌ಗಳ ರೂಢಿ ಇದೆ. ನೀನೇ ಬರೆದು ಕಳಿಸು, ಸಹಿ ಹಾಕಿ ಕೊಡುತ್ತೇನೆ.

ಮೇಷ್ಟ್ರು


ಏಪ್ರಿಲ್ 13, ಸೋಮವಾರ
ತುರ್ತು ಅಂಚೆ

ಸರ್,

ಕೊನೆಯ ಸಾಲು ನೀವು ಬರೆದ ಮೇಲೆ ಓದಿಕೊಂಡಿರಾ? ನಾನು ನೋಟರಿಗೆ ಗಟ್ಟಿಯಾಗಿ ಓದಿ ಹೇಳಿದೆ. ಅವರು ಕನ್ನಡಕ ತೆಗೆದು ಒರೆಸಿಕೊಂಡು, "ಪಾಪ, ಹಳೇ ಎತ್ತು, ಹಳೇ ದಾರಿ," ಎಂದರು. ನನಗೂ ನಗು ಬಂತು. ಇಡೀ ವ್ಯವಹಾರದಲ್ಲಿ ನಾನು ನಕ್ಕದ್ದು ಅದೊಂದೇ ಸಲ.

ಬರೆದುಕೊಡುವುದಿಲ್ಲ ಸರ್. ನನ್ನ ಹೊಗಳಿಕೆಯನ್ನು ನಾನು ಬರೆಯುವುದು ಹೇಗೆ ತಪ್ಪೋ, ನಿಮ್ಮ ತಪ್ಪನ್ನು ನಾನು ಬರೆಯುವುದೂ ಹಾಗೇ ತಪ್ಪು. ಇದರ ಜೊತೆ ನಾಲ್ಕು ಬಿಳಿ ಹಾಳೆ ಇಟ್ಟಿದ್ದೇನೆ. ಮೂರು ಹಾಳಾಗಲಿ. 'ಈ ಮೂಲಕ' ಎಂದು ಶುರು ಮಾಡಬೇಡಿ, ಅದಕ್ಕೇ ಕೈ ನಿಲ್ಲುತ್ತದೆ. 'ನಾನು' ಎಂದು ಶುರು ಮಾಡಿ.

ಯೋಚಿಸು ಎಂದಿರಿ. ಯೋಚಿಸಿದೆ. ಮೊನ್ನೆ ಸಂಜೆ ಅಮ್ಮನಿಗೂ ಹೇಳಿದೆ. ಹೊಲಿಗೆ ಯಂತ್ರ ನಿಲ್ಲಿಸದೆಯೇ ಕೇಳಿದಳು: "ಸೀಟು ಹೋದ್ರೆ ಏನ್ಮಾಡ್ತೀ?" ಟೈಪ್ ಮಾಡ್ತೀನಿ ಎಂದೆ. "ಈಗೇನ್ ಮಾಡ್ತಿದ್ದೀ?" ಟೈಪ್ ಮಾಡ್ತಿದ್ದೀನಿ. "ಹಾಗಿದ್ರೆ ಹೋಗೋದೇನು?" ಎಂದು ದಾರ ಕಡಿದಳು. ಹೋಗುವುದು ಏನೆಂದು ನನಗೆ ಗೊತ್ತು, ಅವಳಿಗೂ ಗೊತ್ತು. ಆ ಸೀಟು ನನಗೆ ಎಷ್ಟು ಬೇಕು ಎಂದು ಬರೆಯಲು ಹೋದರೆ ಈ ಹಾಳೆಯಲ್ಲೂ ಅಕ್ಷರಗಳು ಗೋಡೆ ಹತ್ತಬೇಕಾದೀತು. ಆದರೆ ಸರಿಯಾದ ಉತ್ತರ ಬರೆದವಳನ್ನು ಕಿಟಕಿಯಲ್ಲಿ ಕೂರಿಸಿ ನಾನು ಹೋಗಿ ಕಾನೂನು ಬರೆಯುವುದನ್ನು ಕಲಿತರೆ, ಏನು ಕಲಿತ ಹಾಗಾಯಿತು? ಅಧ್ಯಕ್ಷರು ನನ್ನ ಅರ್ಜಿ ತಿರಸ್ಕರಿಸಲಿ. ಕಾರಣ ಬರೆದು ಕೊಡಿ ಎಂದು ಕೇಳುತ್ತೇನೆ. ರಿಜಿಸ್ಟರ್ ಅಂಚೆಯಲ್ಲಿ ಕೇಳುತ್ತೇನೆ. ಅವರ ವಿಳಾಸ ಈಗಾಗಲೇ ಬರೆದಿಟ್ಟುಕೊಂಡಿದ್ದೇನೆ.

ಪರೀಕ್ಷಾ ವಿಭಾಗ ಅರ್ಜಿ ತೆಗೆದುಕೊಳ್ಳುವುದು ಮಂಗಳವಾರ ಮತ್ತು ಗುರುವಾರ ಬೆಳಿಗ್ಗೆ ಮಾತ್ರ. ಖುದ್ದಾಗಿ ಬರಬೇಕು, ನಿಯಮ. ನೀವು ವರ್ಗವಾಗಿ ಹೋದ ಊರಿನಿಂದ ಬೆಳಗಿನ ಮೊದಲ ಬಸ್ಸು ಆರಕ್ಕೆ ಹೊರಟು ಹತ್ತಕ್ಕೆ ಮುಟ್ಟುತ್ತದೆ. ಗುಡುಗು ವೇಳಾಪಟ್ಟಿ ನೋಡಿ ಹೇಳಿದ್ದಾಳೆ. ಹತ್ತು ನಿಮಿಷ ತಡವಾಗುವುದು ವಾಡಿಕೆಯಂತೆ. ಅವಳು ಆ ದಿನ ಪಾಳಿ ಬದಲಿಸಿಕೊಂಡಿ­ದ್ದಾಳೆ, ನನ್ನ ಜೊತೆ ಬರುತ್ತಾಳೆ. ಅವಳನ್ನು ನೀವು ದನಿಯಿಂದಲೇ ಗುರುತಿಸುತ್ತೀರಿ. ನನ್ನನ್ನು ಗುರುತಿಸುವುದು ಕಷ್ಟ. ಹಸಿರು ಚೀಲ, ಅದರಲ್ಲಿ ಅರ್ಜಿ, ಕರಾರು ಮೇಡಂ ಕೊಟ್ಟ ಲಕೋಟೆ, ನಿಯಮದ ಪುಸ್ತಿಕೆ.

ಮೊದಲು ಕೆಳಗಿನ ಕಿಟಕಿಯಲ್ಲಿ ನಿಮ್ಮ ಕಾಗದ. ಅವರು ಮೊಹರು ಒತ್ತಿದ ಮೇಲೆ ಮೇಲಿನ ಮಹಡಿಗೆ ನನ್ನ ಶಿಫಾರಸು. ಆ ಕ್ರಮ ಬದಲಾಗುವುದಿಲ್ಲ. ಶಿಫಾರಸನ್ನು ಇನ್ನೂ ಬರೆದಿಲ್ಲದಿದ್ದರೆ ಮೆಟ್ಟಿಲ ಬಳಿ ಒಂದು ಮರದ ಬೆಂಚಿದೆ, ಅಲ್ಲಿ ಕೂತು ಬರೆಯಿರಿ. ನೀವು ಬರೆಯುವಾಗ ನಾನು ಗೋಡೆಯ ಕಡೆ ಮುಖ ಮಾಡಿ ನಿಲ್ಲುತ್ತೇನೆ.

ನೀವು ಬಂದ ಕೂಡಲೇ ಒಮ್ಮೆ ಹಾಜರಿ ಕರೆಯಿರಿ. ನಲವತ್ತಾರು ಎನ್ನಿ. ಗುಡುಗಿಗೆ ಹೇಳಿಟ್ಟಿದ್ದೇನೆ, ಈ ಸಲ ಬಾಯಿ ತೆರೆಯಕೂಡದು ಎಂದು. ನಾನೇ ಹೇಳುತ್ತೇನೆ. ಅವಳದು ನಲವತ್ತೇಳು, ಅವಳು ಎಷ್ಟು ಜೋರಾಗಿ ಬೇಕಾದರೂ ಹೇಳಲಿ.

ಪರೀಕ್ಷಾ ವಿಭಾಗ, ಮೂರನೇ ಕಿಟಕಿ. ಏಪ್ರಿಲ್ 16, ಗುರುವಾರ, ಬೆಳಿಗ್ಗೆ ಹತ್ತೂವರೆ.